ಸೂಜಿ ಹೋದ ದಾರಿ

ಸಾಗರದಲ್ಲಿ, ಗುಡ್ಡದ ಮೈ ಕಡಿದು ಕಟ್ಟಿದ ಸಾಲಿಗೆ
ನನ್ನ ಹೊಲಿಗೆ ಕೋಣೆಯೇ ಕೊನೆಯದು.
ಎದುರಿಗೆ ಸೊರಬ ರಸ್ತೆ, ಬೆನ್ನಿಗೆ ಮಣ್ಣು.
ಒಂದೇ ಕಿಟಕಿ. ಅದನ್ನೂ ಮುಚ್ಚಿಯೇ ಇಡುತ್ತಿದ್ದೆ.
ಮದುವೆಯ ಬಿಳಿ ಸ್ಯಾಟಿನ್ ಮೇಲೆ
ಲಾರಿ ಧೂಳು ಕೂತರೆ ಯಾರಿಗೆ ಉತ್ತರ ಹೇಳಲಿ?

ಶಂಕರಘಟ್ಟದಿಂದ ಹುಡುಗಿಯೊಬ್ಬಳು ಬಂದಳು, ಸುಹಾಸಿನಿ,
ಬ್ಲೌಸು ಹೊಲಿಸಲಿಕ್ಕಲ್ಲ.
ಅಂಗೈಯಷ್ಟು ಪ್ಲಾಸ್ಟಿಕ್ ಡಬ್ಬಿಯೊಂದನ್ನು
ಮಷೀನಿನ ನೆತ್ತಿಗೆ ದಾರ ಕಟ್ಟಿ ತೂಗಿದಳು.
ದಾರ ನನ್ನದೇ, ನಲವತ್ತನೇ ನಂಬರಿನದು.
"ತೊಂಬತ್ತು ದಿನ ಮುಟ್ಟಬೇಡಿ ಜಸಿಂತಕ್ಕ."
ಏನು ಹಿಡಿಯುತ್ತದೆ ಇದು, ಸೊಳ್ಳೆಯೋ?
ರೇಡಾನ್ ಅಂತ ಒಂದು ಗ್ಯಾಸು. ಕಲ್ಲಿನೊಳಗೆ ಹುಟ್ಟಿ
ಮಣ್ಣಿನ ಸಂದಿಯಲ್ಲಿ ನಡೆದು
ನೆಲದ ಬಿರುಕಲ್ಲಿ ಮೇಲೆ ಬರುತ್ತದಂತೆ.
ವಾಸನೆ? ಇಲ್ಲ. ಬಣ್ಣ? ಇಲ್ಲ. ಕೆಮ್ಮು?
ಇವತ್ತಲ್ಲ, ಅಂದು ಸುಮ್ಮನಾದಳು.

ಸಿಲಿಂಡರಿನದಾದರೆ ಮೂಗು ಹೇಳುತ್ತದೆ.
ಇದು ಬಾಗಿಲು ತಟ್ಟುವುದಿಲ್ಲ, ನೀರು ಕೇಳುವುದಿಲ್ಲ,
ನಾಲ್ಕು ದಿನದೊಳಗೆ ಅರ್ಧ ಸತ್ತೇ ಹೋಗುತ್ತದೆ,
ಅಷ್ಟರಲ್ಲಿ ಕೆಳಗಿನಿಂದ ಇನ್ನಷ್ಟು ಬಂದಿರುತ್ತದೆ.

ಡಬ್ಬಿ ತೂಗಿತು. ದೃಷ್ಟಿಗೆ ಕಟ್ಟಿದ್ದು ಅಂದರು ಒಬ್ಬರು,
ಕ್ಯಾಮೆರಾ ಅಂದರು ಇನ್ನೊಬ್ಬರು.
ಅಂಗನವಾಡಿ ಟೀಚರು ಅದಕ್ಕೆ ಬೆನ್ನು ಹಾಕಿಯೇ
ಅಳತೆ ಕೊಟ್ಟರು.
ನಾನು ಪೆಡಲ್ ತುಳಿಯುತ್ತ ಉಸಿರು ಎಣಿಸತೊಡಗಿದೆ.
ಹತ್ತೊಂಬತ್ತು ವರ್ಷ ಈ ಸ್ಟೂಲಿನ ಮೇಲೆ
ಎಷ್ಟು ಎಳೆದೆನೋ, ಎಷ್ಟು ಬಿಟ್ಟೆನೋ,
ಲೆಕ್ಕದ ಪುಸ್ತಕದಲ್ಲಿ ಒಂದೂ ಇಲ್ಲ.

ಮೂರು ತಿಂಗಳಿಗೆ ಬಂದು ಡಬ್ಬಿ ಒಯ್ದಳು.
ವಾರ ಬಿಟ್ಟು ಮೊಬೈಲಿನಲ್ಲಿ ಚಿತ್ರ ತೋರಿಸಿದಳು:
ಒಳಗಿದ್ದ ಕೆಂಪು ಫಿಲ್ಮಿನ ಚೂರನ್ನು
ಕಾಸ್ಟಿಕ್ ಸೋಡಾದಲ್ಲಿ ತೊಳೆದು
ಮೈಕ್ರೋಸ್ಕೋಪಿನ ಕೆಳಗೆ ಇಟ್ಟದ್ದು.
ಬೆಳಕಿನ ಚುಕ್ಕಿಗಳು. ಒಂದೊಂದೂ ಒಂದು ಕಣ ಹಾದ ಜಾಗ.
"ಕೂತು ಎಣಿಸಿದೆ ಅಕ್ಕ, ಕುತ್ತಿಗೆ ನೋವು ಬಂತು."

ನನಗೆ ಬಿಡಿಸಿ ಹೇಳಬೇಕಾಗಲಿಲ್ಲ.
ತಪ್ಪು ಹೊಲಿಗೆ ಬಿಚ್ಚಿ ನೋಡಿ:
ದಾರ ಪೂರಾ ಬರುತ್ತದೆ, ಇಸ್ತ್ರಿಗೆ ಸುಕ್ಕೂ ಹೋಗುತ್ತದೆ,
ಸೂಜಿ ಹೋದ ದಾರಿ ಮಾತ್ರ ಬಟ್ಟೆಯಲ್ಲೇ ಇರುತ್ತದೆ.
ದೀಪಕ್ಕೆ ಹಿಡಿದರೆ ಕಾಣುತ್ತದೆ.
ರೇಷ್ಮೆಗೆ ಅದಕ್ಕೇ ಎರಡನೇ ಸಲ ಇಲ್ಲ.
ಎದೆಯೊಳಗಿನ ಬಟ್ಟೆ ರೇಷ್ಮೆಯೋ ಖಾದಿಯೋ,
ನಾನೇ ಟೈಲರು, ನನಗೇ ಗೊತ್ತಿಲ್ಲ.

ಮುನ್ನೂರ ಎಂಬತ್ತು, ಅಂದಳು. ನೂರರ ಒಳಗಿದ್ದರೆ ಚೆನ್ನ.
ಹೊಗೆ ಸೇರಿದರೆ ಎರಡೂ ಕೂಡಿ ಕೆಡಿಸುತ್ತವೆ ಅಂದಾಗ
ಮೂಲೆಯಲ್ಲಿ ಗುಂಡಿ ಹಚ್ಚುತ್ತಿದ್ದ ನನ್ನ ಗಂಡ
ಬೀಡಿಯನ್ನು ಕಿವಿಗೆ ಸಿಕ್ಕಿಸಿ ಹೊರಗೆ ಹೋದ.
ಕಾಣುವುದನ್ನು ನಾನು ಇಪ್ಪತ್ತು ವರ್ಷ ಹೇಳಿದ್ದೆ,
ಕಾಣದ್ದನ್ನು ಅವಳು ಒಂದು ಸಲ ಹೇಳಿದಳು.

ಗಾರೆ ಕೆಲಸದ ಚೌಡಪ್ಪ ಬಿರುಕಿಗೆಲ್ಲ ಸಿಮೆಂಟು ಮೆತ್ತಿದ,
ಗೋಡೆ ನೆಲ ಸೇರುವಲ್ಲಿ ಬೆರಳಿಂದ ಒತ್ತುತ್ತ ಹೋದ,
ಕುತ್ತಿಗೆಗೆ ನಾನು ಪೈಪಿಂಗ್ ಕೂರಿಸುವ ಹಾಗೆ.
ಮೂಲೆಯಲ್ಲಿ ನೆಲ ಕೊರೆದು ನಾಲ್ಕಿಂಚಿನ ಪೈಪು ಇಳಿಸಿ
ಮಾಡಿನಾಚೆಗೆ ಎತ್ತಿ, ಸಣ್ಣ ಫ್ಯಾನು ಕೂಡಿಸಿದ.
"ಬಚ್ಚಲಿಲ್ಲದ ಕಡೆ ಪೈಪು ಯಾಕೆ?" ಅವನಿಗೆ ನಗು.
ನೆಲಕ್ಕೆ ಉಸಿರು ಬಿಡಲು ಮಾರಾಯ, ಅಂದೆ.
ಫ್ಯಾನಿನ ದುಡ್ಡಿಗೆ ಚೀಟಿ ಎತ್ತಿದ್ದು ಬೇರೆ ಕತೆ.

ಈಗ ಕಿಟಕಿ ತೆರೆದಿದೆ. ಧೂಳು ಬರುತ್ತದೆ.
ಬಿಳಿ ಬಟ್ಟೆಗೆ ಹಳೇ ಲುಂಗಿ ಹೊದಿಸುತ್ತೇನೆ.
ಎರಡನೇ ಡಬ್ಬಿ ತೂಗುತ್ತಿದೆ, ಇವತ್ತಿಗೆ ಐವತ್ತೆರಡನೇ ದಿನ.
ಕರೆಂಟು ಹೋದಾಗ ಪೈಪಿನ ಗುಂಯ್ ನಿಲ್ಲುತ್ತದೆ,
ಆಗ ಕಾಲಡಿಯ ಗುಡ್ಡ ನೆನಪಾಗುತ್ತದೆ.
ಬಾಗಿಲು ಇನ್ನಷ್ಟು ತೆಗಿ ಅನ್ನುತ್ತೇನೆ ಗಂಡನಿಗೆ.
ಹೊರಗಿಂದಲೇ ತೆಗೆಯುತ್ತಾನೆ,
ಹೊಗೆಯನ್ನು ಆ ಕಡೆಗೆ ಊದಿ.